ಮಾಗಿಯಲ್ಲಿ ಹುಟ್ಟುವ ಮರಿ

(ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಂಚು. ಮಾತಾಡುತ್ತಿರುವವರು ಇಬ್ಬರು. ಒಬ್ಬಳು ಕುರಿ ಸಾಕುವ ಮನೆಯಿಂದ ಬಂದು ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿರುವ ಯುವತಿ. ಇನ್ನೊಬ್ಬರು ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಕಾಲ: ಮಾರ್ಗಶಿರ ಮಾಸ.)

ಗಾರ್ಡ್: ಮೇಷ್ಟ್ರೇ, ಈ ಚಿತ್ರ ಸ್ವಲ್ಪ ನೋಡಿ. ನೀರಿನ ಹೊಂಡದ ದಾರಿಯಲ್ಲಿ ಕಟ್ಟಿದ ಕ್ಯಾಮೆರಾದಲ್ಲಿ ಬಿದ್ದಿದೆ. ಮೈ, ಮುಖ, ಕಾಲು ಎಲ್ಲಾ ಕೊಂಡುಕುರಿಯದೇ. ಆದರೆ ಕೊಂಬು ನಾಲ್ಕಲ್ಲ, ಎರಡೇ. ರಿಜಿಸ್ಟರಿನಲ್ಲಿ ಏನಂತ ಬರೀಲಿ?

ಮೇಷ್ಟ್ರು: ಕೊಂಡುಕುರಿ ಅಂತಲೇ ಧೈರ್ಯವಾಗಿ ಬರಿ. ಹಣೆಯನ್ನು ದೊಡ್ಡದು ಮಾಡಿ ನೋಡಮ್ಮ. ಹುಬ್ಬಿನ ಮೇಲ್ಗಡೆ ಕೂದಲಿಲ್ಲದ ಎರಡು ಕಪ್ಪು ಗುಬುಟು ಕಾಣುತ್ತವಾ?

ಗಾರ್ಡ್: ಹೂಂ, ಹಳೇ ಗಾಯ ಒಣಗಿದ ಹಾಗಿದೆ.

ಮೇಷ್ಟ್ರು: ಗಾಯವಲ್ಲ ಅದು, ಮುಂದಿನ ಜೋಡಿ ಕೊಂಬು. ಗಂಡು ಮರಿಗೆ ಮೊದಲು ಮೂಡುವುದು ಕಿವಿಗಳ ನಡುವಿನ ಹಿಂದಿನ ಜೋಡಿ, ಹುಟ್ಟಿದ ಕೆಲವೇ ತಿಂಗಳಿಗೆ. ಹಣೆಯ ಜೋಡಿ ಬರುವುದು ತಡವಾಗಿ, ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ತಿಂಗಳು ಕಳೆದ ಮೇಲೆ. ಬೆಳೆದ ಗಂಡಿನಲ್ಲಿ ಹಿಂದಿನವು 8ರಿಂದ 12 ಸೆಂ.ಮೀ. ಇದ್ದರೆ ಮುಂದಿನವು 2ರಿಂದ 5 ಸೆಂ.ಮೀ. ಅಷ್ಟೇ. ನಮ್ಮ ದಕ್ಷಿಣದ ಕೊಂಡುಕುರಿಗಳಲ್ಲಿ ಮುಂದಿನ ಜೋಡಿ ಎಷ್ಟೋ ಸಲ ಗುಬುಟಿನಲ್ಲೇ ನಿಂತುಬಿಡುತ್ತದೆ, ಕೆಲವಕ್ಕೆ ಅದೂ ಇರುವುದಿಲ್ಲ. ಹಾಗಾಗಿ ಕೊಂಬು ಎಣಿಸಿ ಪ್ರಾಣಿ ಗುರುತಿಸಲು ಹೊರಟರೆ ನಮ್ಮ ಕಾಡಿನ ಅರ್ಧ ಗಂಡುಗಳು ಲೆಕ್ಕಕ್ಕೆ ಸಿಗದೆ ಹೋದಾವು.

ಗಾರ್ಡ್: ಈ ವ್ಯತ್ಯಾಸ ಮೊದಲೇ ಯಾರಾದರೂ ಬರೆದಿಟ್ಟಿದ್ದಾರಾ?

ಮೇಷ್ಟ್ರು: ಬರೆದಿದ್ದಾರೆ, ಅದೂ ನಮ್ಮ ಸೀಮೆಯಲ್ಲೇ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಬ್ಲಾನ್‌ವಿಲ್ 1816ರಲ್ಲಿ ಈ ಪ್ರಾಣಿಗೆ ಶಾಸ್ತ್ರೀಯ ಹೆಸರು ಕೊಟ್ಟ. ಅದಾಗಿ ಎರಡು ದಶಕದ ನಂತರ, 1839ರಲ್ಲಿ, ವಾಲ್ಟರ್ ಎಲಿಯಟ್ ಎಂಬ ಕಂಪನಿ ಸರ್ಕಾರದ ಅಧಿಕಾರಿ ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಮುಂದಿನ ಕೊಂಬು ಸರಿಯಾಗಿ ಬೆಳೆಯದ ದಕ್ಷಿಣದ ಕೊಂಡುಕುರಿಯನ್ನು ಬೇರೆಯಾಗಿ ಗುರುತಿಸಿದವನು ಅವನು. ಇವತ್ತಿಗೂ ಆ ಉಪಜಾತಿಯ ಮುಂದೆ ಅವನ ಹೆಸರಿದೆ. ಕಿತ್ತೂರಿನ 1824ರ ಯುದ್ಧದಲ್ಲಿ ರಾಣಿ ಚೆನ್ನಮ್ಮನವರ ಸೈನ್ಯಕ್ಕೆ ಸೆರೆಸಿಕ್ಕಿದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ಇದೇ ಎಲಿಯಟ್.

ಗಾರ್ಡ್: ನಾಲ್ಕು ಕೊಂಬಿನ ಟಗರು ಕೂಡ ಇರುತ್ತಂತಲ್ಲ. ಅದೂ ಇದೂ ಒಂದೇ ಕಾರಣವಾ?

ಮೇಷ್ಟ್ರು: ಬೇರೆ ಬೇರೆ. ಟಗರಿನಲ್ಲಿ ಆಗುವುದು ಒಂದು ಜೀನಿನ ದೋಷ. ಗರ್ಭದಲ್ಲಿರುವಾಗ ಕೊಂಬಿನ ಮೊಳಕೆ ಸೀಳಿ ಒಂದಿದ್ದದ್ದು ಎರಡಾಗುತ್ತದೆ. ಕುರಿ, ಮೇಕೆ ಎರಡರಲ್ಲೂ ಇದಕ್ಕೆ ಕಾರಣ ಹಾಕ್ಸ್‌ಡಿ-1 ಎಂಬ ಜೀನು ಅಂತ 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕೊಂಡುಕುರಿಯಲ್ಲಿ ಎರಡು ಜೋಡಿಗೆ ಎರಡು ಜಾಗ, ಎರಡು ಕಾಲ, ಎರಡು ಅಳತೆ. ಇಂದು ಬದುಕಿರುವ ಕಾಡು ಸಸ್ತನಿಗಳಲ್ಲಿ ಸಹಜವಾಗಿಯೇ ನಾಲ್ಕು ಕೊಂಬು ಹೊರುವುದು ಇದೊಂದೇ. ಅದೇ ಇದಕ್ಕೆ ಮುಳುವೂ ಆಯಿತು. ಬೇಟೆಗಾರರು ಗೋಡೆಗೆ ತೂಗುಹಾಕಲು ಇದರ ತಲೆಬುರುಡೆಗಾಗಿ ಹಾತೊರೆಯುತ್ತಿದ್ದರು.

ಗಾರ್ಡ್: ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಉದುರಿ ಮತ್ತೆ ಬರುತ್ತಲ್ಲ, ಇದರದು?

ಮೇಷ್ಟ್ರು: ಉದುರುವುದಿಲ್ಲ. ಜಿಂಕೆ ಜಾತಿಯ ಕೊಂಬು ಬರೀ ಎಲುಬು. ಬೆಳೆಯುತ್ತದೆ, ಕವಲೊಡೆಯುತ್ತದೆ, ಬೀಳುತ್ತದೆ. ಕೊಂಡುಕುರಿ, ಕೃಷ್ಣಮೃಗ, ಚಿಂಕಾರ, ನಿಮ್ಮ ಮನೆಯ ಟಗರು, ಹಟ್ಟಿಯ ಎತ್ತು, ಇವೆಲ್ಲದರದು ಒಳಗೆ ಎಲುಬು, ಹೊರಗೆ ಗೊರಸಿನಂಥ ಒರೆ. ಒಮ್ಮೆ ಬಂದದ್ದು ಸಾಯುವವರೆಗೂ ಇರುತ್ತದೆ. ಕೃಷ್ಣಮೃಗದ ಕೊಂಬು ತಿರುಚಿಕೊಂಡು ಬಳೆಬಳೆಯಾಗಿರುತ್ತದೆ, ಕೊಂಡುಕುರಿಯದು ನೆಟ್ಟಗೆ, ನುಣ್ಣಗೆ.

ಗಾರ್ಡ್: ಹೊಸಬರು ಕಾಡುಕುರಿಯನ್ನೂ ಇದನ್ನೂ ಒಂದೇ ಅಂದ್ಕೊಂಡು ಬರೀತಾರೆ. ಹೆಣ್ಣಿಗಂತೂ ಎರಡರಲ್ಲೂ ಕೊಂಬಿಲ್ಲ. ಆಗ ಏನು ನೋಡಬೇಕು?

ಮೇಷ್ಟ್ರು: ಮೊದಲು ಕಾಲು ನೋಡು. ಕೊಂಡುಕುರಿಯ ನಾಲ್ಕೂ ಕಾಲಿನ ಮುಂಭಾಗದಲ್ಲಿ ಮೇಲಿನಿಂದ ಕೆಳಗೆ ಕಪ್ಪು ಗೆರೆ ಇಳಿದಿರುತ್ತದೆ. ಕಾಲಿನ ಒಳಭಾಗ, ಹೊಟ್ಟೆ ಬಿಳಿ. ಬೆನ್ನು ಹಳದಿ ಮಿಶ್ರಿತ ಕಂದಿನಿಂದ ಕೆಂಗಂದಿನವರೆಗೆ. ಮೂತಿ ಮತ್ತು ಕಿವಿಯ ಹಿಂಭಾಗ ಕಪ್ಪು. ಕಾಡುಕುರಿಯ ಹಣೆಯಲ್ಲಿ ಕಣ್ಣಿನಿಂದ ಮೇಲಕ್ಕೆ ಎರಡು ದಿಂಡು ಎದ್ದಿರುತ್ತವೆ, ಇದಕ್ಕೆ ಅದಿಲ್ಲ. ಕಾಡುಕುರಿ ಜಿಂಕೆಯ ಬಳಗ. ಕೊಂಡುಕುರಿ ಹಸುವಿನ ಬಳಗ.

ಗಾರ್ಡ್: ಹಸುವಿನ ಬಳಗವಾ? ಇಪ್ಪತ್ತು ಕೆಜಿ ತೂಗೋ ಪ್ರಾಣಿ!

ಮೇಷ್ಟ್ರು: ಹೌದಮ್ಮ. ಭುಜದ ಹತ್ತಿರ 55ರಿಂದ 64 ಸೆಂ.ಮೀ. ಎತ್ತರ, 17ರಿಂದ 22 ಕೆಜಿ ತೂಕ. ಆದರೂ ದನ, ಎಮ್ಮೆ, ಕಾಡೆಮ್ಮೆಗಳಿರುವ ಉಪಕುಟುಂಬಕ್ಕೇ ಸೇರಿದ್ದು. ಅದರೊಳಗೆ ಇದರ ಹತ್ತಿರದ ನೆಂಟ ನೀಲಗಾಯ್. ಆ ಪಂಗಡದಲ್ಲಿ ಇವತ್ತು ಉಳಿದಿರುವುದು ಇವೆರಡೇ ಜಾತಿ. ಒಂದು ಕಾಲಕ್ಕೆ ಆ ಪಂಗಡ ಬಹಳ ದೊಡ್ಡದಿತ್ತು. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಸಾಲಿನ ಪಳೆಯುಳಿಕೆಗಳಲ್ಲಿ ಅದರ ನಾನಾ ಜಾತಿಗಳು ಸಿಕ್ಕಿವೆ. ಉಳಿದವು ಅಳಿದುಹೋದವು. ಕೊಂಡುಕುರಿ ಭಾರತ ಮತ್ತು ನೇಪಾಳ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇಲ್ಲ.

ಗಾರ್ಡ್: ಹಸುವಿನ ಬಳಗ ಅನ್ನೋದಕ್ಕೆ ಮೈಮೇಲೆ ಗುರುತೇನಾದರೂ ಇದೆಯಾ? ಕುರಿ ಮೇಯಿಸುವವರಿಗೆ ಹೇಳಿದರೆ ನಂಬಬೇಕಲ್ಲ.

ಮೇಷ್ಟ್ರು: ಕೆಚ್ಚಲು ನೋಡಿದರೆ ಸಾಕು. ಕುರಿ, ಮೇಕೆಗೆ ಎರಡು ಮೊಲೆತೊಟ್ಟು. ಹಸುವಿಗೆ ನಾಲ್ಕು. ಕೊಂಡುಕುರಿಗೂ ನಾಲ್ಕು, ಹೊಟ್ಟೆಯ ತೀರಾ ಹಿಂಭಾಗದಲ್ಲಿ.

ಗಾರ್ಡ್: ಇದು ನಮ್ಮ ಅಜ್ಜನಿಗೆ ಹೇಳಿದರೆ ತಕ್ಷಣ ಒಪ್ತಾರೆ. ಸರಿ, ಗಂಡಿಗೆ ನಾಲ್ಕು ಕೊಂಬು, ಹೆಣ್ಣಿಗೆ ಒಂದೂ ಇಲ್ಲ. ಹಸುವಿಗೂ ಕೊಂಬಿದೆ, ಕಾಡೆಮ್ಮೆಯ ಹೆಣ್ಣಿಗೂ ಇದೆ. ಚಿರತೆ ಓಡಾಡೋ ಕಾಡಿನಲ್ಲಿ ಮರಿ ಕಾಯುವ ತಾಯಿಗಲ್ಲವಾ ಆಯುಧ ಬೇಕಾದ್ದು?

ಮೇಷ್ಟ್ರು: ಈ ಪ್ರಶ್ನೆಯನ್ನೇ ಸ್ಟಾನ್ಕೊವಿಚ್ ಮತ್ತು ಕ್ಯಾರೋ ಎಂಬ ಇಬ್ಬರು ವಿಜ್ಞಾನಿಗಳು ಎತ್ತಿಕೊಂಡು, ಹಸು, ಕುರಿ, ಆಂಟಿಲೋಪುಗಳೆಲ್ಲ ಸೇರಿದ ಇಡೀ ಕುಟುಂಬದ ಜಾತಿಗಳನ್ನು ಹೋಲಿಸಿ 2009ರಲ್ಲಿ ಉತ್ತರ ಬರೆದರು. ಮೈ ದೊಡ್ಡದಿದ್ದು ಬಯಲಿನಲ್ಲಿ ದೂರದಿಂದಲೇ ಕಣ್ಣಿಗೆ ಬೀಳುವ ಜಾತಿಗಳಲ್ಲಿ ಹೆಣ್ಣಿಗೂ ಕೊಂಬಿರುತ್ತದೆ, ಯಾಕೆಂದರೆ ಅಡಗಲು ದಾರಿಯಿಲ್ಲ, ಎದುರು ನಿಲ್ಲಲೇಬೇಕು. ಮೈ ಸಣ್ಣದಿದ್ದು ಪೊದೆಯಲ್ಲಿ ಮರೆಯಾಗಿ ಬದುಕುವ ಜಾತಿಗಳಲ್ಲಿ ಹೆಣ್ಣಿಗೆ ಕೊಂಬು ಇರುವುದು ಅಪರೂಪ. ಕೊಂಡುಕುರಿಯ ತಾಯಿಯ ಆಯುಧ ಕಾಣದೆ ಇರುವುದು. ಹುಲಿ, ಚಿರತೆ, ಸೀಳುನಾಯಿ ಯಾವುದರ ಎದುರೂ ಇಪ್ಪತ್ತು ಕೆಜಿಯ ಪ್ರಾಣಿ ಕೊಂಬಿದ್ದರೂ ಗೆಲ್ಲುವುದಿಲ್ಲ. ಗಂಡಿನ ಕೊಂಬು ಇರುವುದು ಇನ್ನೊಂದು ಗಂಡಿಗಾಗಿ.

ಗಾರ್ಡ್: ಕಾಣದೆ ಇರೋದು ಅಂದರೆ ನಿಜ. ಗಸ್ತಿನಲ್ಲಿ ಎಷ್ಟೋ ಸಲ ಕಾಲಬುಡದಿಂದಲೇ ಎದ್ದು ಹಾರಿ ಹೋಗುತ್ತೆ. ಅಲ್ಲಿವರೆಗೆ ಕಲ್ಲಿನ ಹಾಗೆ ನಿಂತಿರುತ್ತೆ.

ಮೇಷ್ಟ್ರು: ಅದೇ ಅದರ ಪದ್ಧತಿ. ಅಪಾಯ ಕಂಡಾಗ ಮೊದಲು ಅಲುಗಾಡದೆ ನಿಲ್ಲುತ್ತದೆ. ತೀರಾ ಹತ್ತಿರ ಬಂದರೆ ಥಟ್ಟನೆ ಹಾರುತ್ತದೆ, ಮತ್ತೆ ಹುಲ್ಲಿನಲ್ಲಿ ಮರೆಯಾಗುತ್ತದೆ. ಒರಟಾದ ಒಂದು ಎಚ್ಚರಿಕೆಯ ದನಿ ಬಿಟ್ಟರೆ ಹೆಚ್ಚು ಸದ್ದಿಲ್ಲ. ಈ ಸ್ವಭಾವದಿಂದಲೇ ಅದರ ಸಂಸಾರ ಹೇಗಿರಬೇಕೆಂಬುದೂ ತೀರ್ಮಾನವಾಗಿದೆ.

ಗಾರ್ಡ್: ಒಂಟಿಯಾಗಿರೋದಾ?

ಮೇಷ್ಟ್ರು: ಹೌದು. 1974ರಲ್ಲಿ ಪೀಟರ್ ಜಾರ್ಮನ್ ಎಂಬ ವಿಜ್ಞಾನಿ ಆಫ್ರಿಕಾದ ಆಂಟಿಲೋಪುಗಳನ್ನು ಅಧ್ಯಯನ ಮಾಡಿ ಒಂದು ಸೂತ್ರ ಕೊಟ್ಟ. ಮೈ ಸಣ್ಣದಾದಷ್ಟೂ ಪ್ರತಿ ತುತ್ತೂ ಸತ್ವದ್ದೇ ಆಗಬೇಕು. ದೊಡ್ಡ ಹೊಟ್ಟೆಯ ಕಾಡೆಮ್ಮೆ ಒಣಹುಲ್ಲು ತಿಂದು ಜೀರ್ಣಿಸಿಕೊಳ್ಳುತ್ತದೆ. ಸಣ್ಣ ಪ್ರಾಣಿ ಚಿಗುರು, ಹೂವು, ಉದುರಿದ ಹಣ್ಣು ಅಂತ ಆರಿಸಿ ತಿನ್ನಬೇಕು. ಅಂಥ ಮೇವು ಒಂದೇ ಕಡೆ ರಾಶಿ ಬಿದ್ದಿರುವುದಿಲ್ಲ, ಅಲ್ಲಲ್ಲಿ ಚದುರಿರುತ್ತದೆ. ಹತ್ತು ಬಾಯಿ ಒಟ್ಟಿಗೆ ಹೋದರೆ ಯಾರಿಗೂ ಸಾಲದು. ಅದಕ್ಕೇ ಸಣ್ಣ ಆಂಟಿಲೋಪುಗಳು ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಇರುತ್ತವೆ. ಆಫ್ರಿಕಾದ ಕಾಡಿನ ಡೈಕರ್ ಎಂಬ ಸಣ್ಣ ಆಂಟಿಲೋಪುಗಳ ಕತೆಯೂ ಇದೇ. ಕೊಂಡುಕುರಿ ನೆಲ್ಲಿ, ಎಲಚಿ ಉದುರಿದ ಜಾಗ ಹುಡುಕಿಕೊಂಡು ಒಂದೊಂದೇ ಓಡಾಡುತ್ತದೆ. ಮೂರು ನಾಲ್ಕಕ್ಕಿಂತ ಹೆಚ್ಚು ಒಟ್ಟಿಗೆ ಕಾಣುವುದು ಅಪರೂಪ.

ಗಾರ್ಡ್: ಒಂಟಿಯಾಗಿರೋ ಪ್ರಾಣಿ, ಸದ್ದೂ ಮಾಡಲ್ಲ, ಕಣ್ಣಿಗೂ ಬೀಳಲ್ಲ. ಹಾಗಾದರೆ ಬೆದೆಗೆ ಬಂದ ಹೆಣ್ಣು ಎಲ್ಲಿದೆ ಅಂತ ಗಂಡಿಗೆ ಗೊತ್ತಾಗೋದು ಹೇಗೆ? ನಮ್ಮ ಹಟ್ಟಿಯಲ್ಲಾದರೆ ಟಗರು ಹಿಂಡಿನಲ್ಲೇ ಇರುತ್ತೆ.

ಮೇಷ್ಟ್ರು: ವಾಸನೆಯಿಂದ. ಕಣ್ಣಿನ ಮುಂದೆ ಒಂದು ಗ್ರಂಥಿ ಇದೆ, ಅದರ ಸ್ರಾವವನ್ನು ಗಿಡದ ರೆಂಬೆಗೆ ಸವರುತ್ತದೆ. ಹಿಂಗಾಲಿನ ಗೊರಸಿನ ಮೇಲಿರುವ ಎರಡು ಪುಟ್ಟ ಗೊರಸುಗಳ ನಡುವೆಯೂ ಚೆನ್ನಾಗಿ ಬೆಳೆದ ಗ್ರಂಥಿಗಳಿವೆ. ಜೊತೆಗೆ ಹಿಕ್ಕೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವುದು ಇದರ ಕ್ರಮ. ಆ ಗುಡ್ಡೆಯೇ ಇವುಗಳ ಸುದ್ದಿಕಟ್ಟೆ. ಯಾರು ಬಂದು ಹೋದರು ಎಂಬುದು ಮುಂದೆ ಬಂದವರಿಗೆ ಮೂಗಿನಿಂದ ತಿಳಿಯುತ್ತದೆ.

ಗಾರ್ಡ್: ನಮ್ಮ ಬೀಟಿನಲ್ಲಿ ಅಂಥ ಗುಡ್ಡೆಗಳು ಬೇಕಾದಷ್ಟಿವೆ. ಕೆಲವು ಗಸ್ತಿನ ದಾರಿಯಲ್ಲೇ ಇವೆ.

ಮೇಷ್ಟ್ರು: ಅವುಗಳ ನಕ್ಷೆ ಮಾಡಿಡು. ಪ್ರಾಣಿ ಕಾಣದಿದ್ದರೂ ಹಿಕ್ಕೆ ಗುಡ್ಡೆ ಸುಳ್ಳು ಹೇಳುವುದಿಲ್ಲ. ಬಂಡೀಪುರ, ನಾಗರಹೊಳೆಗಳಲ್ಲಿ ಕೊಂಡುಕುರಿ ಎಲ್ಲೆಲ್ಲಿದೆ ಅಂತ ಸಂಶೋಧಕರು ಹುಡುಕಿ 2008ರಲ್ಲಿ ವರದಿ ಪ್ರಕಟಿಸಿದರು. ದಟ್ಟವಾದ ತೇವದ ಕಾಡಿಗಿಂತ ಒಣ ಎಲೆಯುದುರುವ ಕಾಡೇ ಇದಕ್ಕೆ ಇಷ್ಟ ಅಂತ ಕಂಡುಬಂತು. ಅಂದರೆ ದಿಂಡಿಗ, ಕಗ್ಗಲಿ, ಮುತ್ತುಗ, ಮಧ್ಯೆ ಎತ್ತರದ ಹುಲ್ಲು ಇರುವ ನಿಮ್ಮಂಥ ಕಾಡು. ಜನ ‘ಕುರುಚಲು’ ಅಂತ ತಾತ್ಸಾರ ಮಾಡುವ ಕಾಡು.

ಗಾರ್ಡ್: ಬೆದೆ ಯಾವಾಗ?

ಮೇಷ್ಟ್ರು: ಮೇ ತಿಂಗಳಿನಿಂದ ಜುಲೈವರೆಗೆ. ಮಳೆ ಲೆಕ್ಕದಲ್ಲಿ ಹೇಳುವುದಾದರೆ ಕೃತ್ತಿಕೆಯಿಂದ ಪುನರ್ವಸುವರೆಗೆ. ವರ್ಷದ ಉಳಿದ ಕಾಲ ಗಂಡು ಹೆಣ್ಣು ಬಹುಮಟ್ಟಿಗೆ ಬೇರೆ ಬೇರೆಯೇ ಇರುತ್ತವೆ. ಬೆದೆಯ ಕಾಲಕ್ಕೆ ಗಂಡಿನ ಸಂಕೋಚ ಹೋಗುತ್ತದೆ. ಇನ್ನೊಂದು ಗಂಡು ಕಂಡರೆ ಮೇಲೆ ಬೀಳುತ್ತದೆ. ಹೆಣ್ಣಿನ ಜೊತೆಗಿನ ವರ್ತನೆ ಮಾತ್ರ ಬೇರೆಯೇ. ಎರಡೂ ಮುಂಗಾಲು ಮಡಿಸಿ ಮೊಣಕಾಲೂರಿ, ಕುತ್ತಿಗೆಗೆ ಕುತ್ತಿಗೆ ಹೆಣೆದು ಒಂದನ್ನೊಂದು ತಳ್ಳುತ್ತವೆ. ಆಮೇಲೆ ಗಂಡು ಹೆಣ್ಣಿನ ಮುಂದೆ ಎದೆ ಸೆಟೆಸಿ ನಡೆಯುತ್ತದೆ. ಕೂಡುವುದು ಅದರ ನಂತರ.

ಗಾರ್ಡ್: ಹೆಣ್ಣೂ ತಳ್ಳುತ್ತಾ? ಟಗರಿನ ಮುಂದೆ ಕುರಿ ಸುಮ್ಮನೆ ನಿಂತಿರುತ್ತೆ.

ಮೇಷ್ಟ್ರು: ಎರಡೂ ತಳ್ಳುತ್ತವೆ. ಎಂಟು ಹತ್ತು ತಿಂಗಳು ಒಂಟಿಯಾಗಿ ಇದ್ದ ಎರಡು ಪ್ರಾಣಿಗಳು ಒಂದರ ಹತ್ತಿರ ಒಂದು ಬರಬೇಕು. ಪ್ರತಿ ಸದ್ದಿಗೂ ಬೆಚ್ಚುವ ಜೀವಗಳು ಅವು. ಒಂದರ ಬಲ, ವಾಸನೆ, ಉದ್ದೇಶ ಇನ್ನೊಂದಕ್ಕೆ ತಿಳಿದು ಹೆದರಿಕೆ ಕರಗಲು ಇಂಥದೊಂದು ದಾರಿ ಬೇಕಿತ್ತೇನೋ ಅಂತ ನನಗೆ ಅನಿಸುತ್ತದೆ.

ಗಾರ್ಡ್: ಗಬ್ಬ ಎಷ್ಟು ತಿಂಗಳು?

ಮೇಷ್ಟ್ರು: ನೀನೇ ಊಹಿಸು. ಕುರಿಗೆ ಎಷ್ಟು?

ಗಾರ್ಡ್: ಕುರಿಗೆ ಐದು ತಿಂಗಳು. ಇದು ಕುರಿಗಿಂತ ಸಣ್ಣದು, ನಾಲ್ಕೂವರೆ ಇರಬಹುದು.

ಮೇಷ್ಟ್ರು: ಸುಮಾರು ಎಂಟು ತಿಂಗಳು.

ಗಾರ್ಡ್: ಎಂಟಾ! ಹಾಗಾದರೆ ಮರಿ ದೊಡ್ಡದೇ ಇರಬೇಕು.

ಮೇಷ್ಟ್ರು: ಇಲ್ಲ, ಅಲ್ಲೇ ಇರುವುದು ವಿಶೇಷ. ಹುಟ್ಟಿದ ಮರಿ 700 ಗ್ರಾಂನಿಂದ 1.1 ಕೆಜಿ. ಉದ್ದ 42ರಿಂದ 46 ಸೆಂ.ಮೀ. ಒಂದು ಸೂಲಿಗೆ ಒಂದು ಅಥವಾ ಎರಡು ಮರಿ.

ಗಾರ್ಡ್: ನಮ್ಮ ಕುರಿ ಐದು ತಿಂಗಳಿಗೆ ಎರಡೂವರೆ ಮೂರು ಕೆಜಿ ಮರಿ ಹಾಕುತ್ತೆ. ಇದು ಎಂಟು ತಿಂಗಳು ಹೊತ್ತು ಒಂದು ಕೆಜಿ ಮರಿ ಹಾಕೋದಾ?

ಮೇಷ್ಟ್ರು: ಅದು ಬಳಗದ ಗುಣ. ಹಸುವಿಗೆ ಒಂಬತ್ತು ತಿಂಗಳು, ನೀಲಗಾಯ್‌ಗೆ ಸುಮಾರು ಎಂಟು. ಮೈ ಕುಗ್ಗಿದರೂ ಗರ್ಭದ ಕಾಲ ಅದಕ್ಕೆ ತಕ್ಕಂತೆ ಕುಗ್ಗಲಿಲ್ಲ. ಇದರ ಪರಿಣಾಮ ಏನು ಅನ್ನುವುದನ್ನು ಕುರಿ ಸಾಕಿದ ನೀನು ಬೇಗ ಹಿಡಿಯಬಲ್ಲೆ. ನಿಮ್ಮಲ್ಲಿ ಚೆನ್ನಾಗಿ ಮೇಯಿಸಿದರೆ ಎರಡು ವರ್ಷಕ್ಕೆ ಮೂರು ಸೂಲು ತೆಗೆಯುತ್ತೀರಲ್ಲ?

ಗಾರ್ಡ್: ಹೌದು. ಒಂದು ವರ್ಷ ರೋಗ ಬಂದು ಮರಿ ಹೋದರೂ ಮುಂದಿನ ವರ್ಷ ಹಿಂಡು ತುಂಬಿಕೊಳ್ಳುತ್ತೆ.

ಮೇಷ್ಟ್ರು: ಕೊಂಡುಕುರಿಗೆ ವರ್ಷಕ್ಕೆ ಒಂದೇ ಸೂಲು. ಹುಟ್ಟಿದ ಮರಿ ಬೆಳೆದು ಬೆದೆಗೆ ಬರಲು ಸುಮಾರು ಎರಡು ವರ್ಷ. ಮರಿ ಹೆಚ್ಚುಕಡಿಮೆ ಒಂದು ವರ್ಷ ತಾಯಿಯ ಜೊತೆಗೇ ಇರುತ್ತದೆ. ಒಂದು ಮಾಗಿಯ ಮರಿಗಳೆಲ್ಲ ಸತ್ತರೆ, ಆ ವರ್ಷದ ಎಂಟು ತಿಂಗಳ ಗಬ್ಬವೂ ಹೋಯಿತು, ಇನ್ನೆರಡು ವರ್ಷಕ್ಕೆ ಬೆದೆಗೆ ಬರಬೇಕಾದ ಹೆಣ್ಣುಗಳೂ ಹೋದವು. ಹಿಂಡಿನಂತೆ ತುಂಬಿಕೊಳ್ಳುವ ಪ್ರಾಣಿಯಲ್ಲ ಇದು.

ಗಾರ್ಡ್: ಮಾಗಿಯ ಮರಿ ಅಂದಿರಿ. ಲೆಕ್ಕ ಹಾಕಿದರೆ ಮೇ ತಿಂಗಳಿಗೆ ಎಂಟು ಸೇರಿಸಿದರೆ ಜನವರಿ.

ಮೇಷ್ಟ್ರು: ಜನವರಿ, ಫೆಬ್ರವರಿ. ಸಂಕ್ರಾಂತಿಯಿಂದ ಶಿವರಾತ್ರಿಯ ನಡುವೆ.

ಗಾರ್ಡ್: ಅದು ನಮ್ಮ ಬೆಂಕಿ ಶುರುವಾಗೋ ಕಾಲ!

ಮೇಷ್ಟ್ರು: ಅದನ್ನೇ ನಿನಗೆ ಹೇಳಬೇಕು ಅಂತಿದ್ದೆ, ನೀನೇ ಹೇಳಿಬಿಟ್ಟೆ. ಆದರೆ ಮೊದಲು ಆ ಕಾಲ ಯಾಕೆ ಎಂದು ಯೋಚಿಸು. ಜನವರಿಯಲ್ಲಿ ಹಿಂಗಾರು ಮುಗಿದು ಹುಲ್ಲು ಎದೆಯೆತ್ತರ ನಿಂತಿರುತ್ತದೆ, ಒಣಗಿ ಮರಿಯ ಮೈಬಣ್ಣಕ್ಕೇ ತಿರುಗಿರುತ್ತದೆ. ಒಂದು ಕೆಜಿಯ ಮರಿಯನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನೆಲ್ಲಿ, ಎಲಚಿ ಹಣ್ಣು ಉದುರುವ ಕಾಲ, ಸ್ವಲ್ಪ ದಿನಕ್ಕೆ ಮುತ್ತುಗದ ಹೂವಿನ ಕಾಲ. ಹಾಲೂಡುವ ತಾಯಿಗೆ ನೆಲದ ಮೇಲೇ ಮೇವು. ಮರಿ ಹುಲ್ಲು ಕಚ್ಚುವ ಹೊತ್ತಿಗೆ ಮುಂಗಾರಿನ ಚಿಗುರು. ಈ ಲೆಕ್ಕ ತಪ್ಪಿಲ್ಲ. ತಪ್ಪಿರುವುದು ಅದೇ ಹುಲ್ಲಿಗೆ ಕಡ್ಡಿ ಗೀರುವ ಕೈ.

ಗಾರ್ಡ್: ಮೇಷ್ಟ್ರೇ, ಇಲ್ಲಿ ನಾನೊಂದು ಮಾತು ಹೇಳಬೇಕು. ಬೆಂಕಿ ಅಂದ ತಕ್ಷಣ ಎಲ್ಲರೂ ಕುರಿಗಾಹಿಗಳ ಕಡೆ ಬೆರಳು ತೋರಿಸ್ತಾರೆ. ಬೀಡಿ ಎಸೆದವರು, ಜೇನು ಕೀಳೋಕೆ ಹೊಗೆ ಹಾಕಿದವರು, ಹೊಲದ ಕಸ ಸುಡುವವರು ಎಲ್ಲರೂ ಕಾರಣ. ಇನ್ನು, ಹುಲ್ಲು ಸುಟ್ಟರೆ ಹೊಸ ಚಿಗುರು ಬರುತ್ತೆ, ಅದು ಕಾಡುಪ್ರಾಣಿಗೂ ಮೇವಾಗುತ್ತೆ ಅಂತ ನಮ್ಮ ಹಿರಿಯರು ಹೇಳ್ತಾರೆ. ಅದು ಪೂರ್ತಿ ಸುಳ್ಳಲ್ಲ.

ಮೇಷ್ಟ್ರು: ಸುಳ್ಳಲ್ಲ. ಸುಟ್ಟ ಜಾಗದ ಚಿಗುರನ್ನು ಚುಕ್ಕೆ ಜಿಂಕೆ ಮೇಯುತ್ತದೆ, ದೊಡ್ಡ ಕೊಂಡುಕುರಿಯೂ ಮೇಯಬಹುದು. ನಾನು ಮಾತಾಡುತ್ತಿರುವುದು ಕಾಲದ ಬಗ್ಗೆ. ಹುಟ್ಟಿದ ಮರಿ ಮೊದಲ ಕೆಲವು ವಾರ ತಾಯಿಯ ಹಿಂದೆ ಓಡುವುದಿಲ್ಲ. ಇಂಥ ಪ್ರಾಣಿಗಳಲ್ಲಿ ತಾಯಿ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಮೇಯಲು ಹೋಗುತ್ತದೆ, ಹಾಲೂಡಲು ಮಾತ್ರ ಬರುತ್ತದೆ. ಮರಿಯ ಉಚ್ಚೆ, ಹಿಕ್ಕೆಯನ್ನೂ ನೆಕ್ಕಿ ವಾಸನೆ ಉಳಿಯದಂತೆ ಮಾಡುತ್ತದೆ. ಅಪಾಯ ಬಂದರೆ ಮರಿ ಮಾಡುವುದು ಒಂದೇ ಕೆಲಸ: ನೆಲಕ್ಕೆ ಕತ್ತು ಚಾಚಿ ಅಲುಗಾಡದೆ ಮಲಗುವುದು. ಚಿರತೆ ಹತ್ತಿರ ಹಾದುಹೋದರೂ ಇದರಿಂದ ಎಷ್ಟೋ ಸಲ ಬದುಕುತ್ತದೆ. ಬೆಂಕಿ ಬಂದಾಗಲೂ ಅದಕ್ಕೆ ಗೊತ್ತಿರುವುದು ಅದೇ.

ಗಾರ್ಡ್: ಓಡಬೇಕಾದ ಹೊತ್ತಲ್ಲಿ ಮಲಗಿಬಿಡುತ್ತೆ.

ಮೇಷ್ಟ್ರು: ಹೌದು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿತಲ್ಲ, ಆ ತಿಂಗಳನ್ನು ಗಮನಿಸು. ಆನೆ ದಾಟಿ ಹೋಗುತ್ತದೆ, ಹುಲಿ ದಾಟಿ ಹೋಗುತ್ತದೆ. ಹುಲ್ಲಿನಲ್ಲಿ ಮಲಗಿದ ಮರಿಗಳ ಲೆಕ್ಕ ಯಾವ ವರದಿಯಲ್ಲೂ ಬರಲಾರದು. ಒಂದು ಕೆಜಿಯ ಮೈ ಬೂದಿಯಲ್ಲಿ ಗುರುತೂ ಸಿಗುವುದಿಲ್ಲ.

ಗಾರ್ಡ್: ನಾಯಿಗಳ ಕತೆಯೂ ಹಾಗೇ ಆಯಿತು. ಊರನಾಯಿ ಗುಂಪು ಕಟ್ಟಿಕೊಂಡು ಕಾಡಿಗೆ ನುಗ್ಗುತ್ತವೆ. ಅವು ಕಣ್ಣಿಗಿಂತ ಮೂಗು ನಂಬಿ ಹುಲ್ಲನ್ನೇ ಜಾಲಾಡುತ್ತವೆ. ಚಿರತೆಯಾದರೆ ಒಂದು ಕೊಂದು ಮರ ಹತ್ತುತ್ತೆ, ನಾಯಿಗಳು ದಿನಾ ಬರುತ್ತವೆ, ಸಂಜೆ ಊರಿಗೆ ಹೋಗಿ ಅನ್ನ ತಿನ್ನುತ್ತವೆ.

ಮೇಷ್ಟ್ರು: ಸರಿಯಾಗಿ ಹೇಳಿದೆ. ಬೇಟೆ ಪ್ರಾಣಿ ಕಡಿಮೆಯಾದರೆ ಚಿರತೆಯೂ ಕಡಿಮೆಯಾಗುತ್ತದೆ, ಅದಕ್ಕೊಂದು ತಡೆ ಇದೆ. ಮನೆಯ ಅನ್ನ ತಿನ್ನುವ ನಾಯಿಗೆ ಆ ತಡೆ ಇಲ್ಲ. ಜೊತೆಗೆ ನೀರು. ಚಿಂಕಾರದಂತೆ ನೀರಿಲ್ಲದೆ ಬಹಳ ದಿನ ತಡೆಯುವ ಪ್ರಾಣಿಯಲ್ಲ ಇದು. ದಿನಾ ಕುಡಿಯಬೇಕು, ನೀರಿನಿಂದ ಬಹಳ ದೂರ ಹೋಗುವುದಿಲ್ಲ. ಹಾಲೂಡುವ ತಾಯಿಗೆ ಇನ್ನೂ ಹೆಚ್ಚು ಬೇಕು. ಅದೇ ಫೆಬ್ರವರಿ, ಮಾರ್ಚಿನಲ್ಲಿ ಹೊಂಡಗಳು ಬತ್ತುತ್ತವೆ, ಉಳಿದ ಒಂದೆರಡಕ್ಕೆ ದನ, ಕುರಿ, ನಾಯಿ, ಜನ ಎಲ್ಲರೂ ಬರುತ್ತಾರೆ. ಇದು ಹಗಲು ಓಡಾಡುವ ಪ್ರಾಣಿ ಬೇರೆ. ನಾಚಿಕೆಯ ತಾಯಿ ದಡಕ್ಕೆ ಬರಲಾರದೆ ಪೊದೆಯಲ್ಲೇ ಕಾಯುತ್ತದೆ.

ಗಾರ್ಡ್: ಇನ್ನೊಂದು ಸಂಗತಿ. ಹುಲ್ಲಿನಲ್ಲಿ ಒಂಟಿ ಮರಿ ಸಿಕ್ಕಿತು ಅಂತ ಜನ ಎತ್ತಿಕೊಂಡು ನಮ್ಮ ಆಫೀಸಿಗೆ ತರ್ತಾರೆ. ತಾಯಿ ಬಿಟ್ಟು ಹೋಗಿದೆ ಅಂತ ಪಾಪ, ಕರುಣೆಯಿಂದಲೇ ತರೋದು.

ಮೇಷ್ಟ್ರು: ಆ ಕರುಣೆಗೆ ದಾರಿ ತೋರಿಸಬೇಕಾದವಳು ನೀನು. ಒಂಟಿಯಾಗಿ ಮಲಗಿದ ಮರಿ ಅನಾಥವಲ್ಲ. ತಾಯಿ ನೂರು ಮಾರು ದೂರದಲ್ಲಿ ನೋಡುತ್ತ ನಿಂತಿರಬಹುದು. ಮುಟ್ಟದೆ, ಸುತ್ತ ಗುಂಪು ಕಟ್ಟದೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಅಂತ ಹೇಳು. ಎತ್ತಿಕೊಂಡು ಬಂದ ಆ ಗಳಿಗೆಯಲ್ಲೇ ಅದು ನಿಜವಾಗಿ ತಬ್ಬಲಿಯಾಗುತ್ತದೆ.

ಗಾರ್ಡ್: ಇಷ್ಟೆಲ್ಲಾ ಕಷ್ಟ ಇರೋ ಪ್ರಾಣಿಗೆ ಯಾಕೆ ಯಾರೂ ಮಾತಾಡಲ್ಲ? ಹುಲಿಗೆ ಯೋಜನೆ ಇದೆ, ಆನೆಗೆ ಇದೆ.

ಮೇಷ್ಟ್ರು: ಕಾನೂನಿನಲ್ಲಿ ಕೊರತೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೇ ಇದಿದೆ, ಹುಲಿಗೆ ಎಷ್ಟು ರಕ್ಷಣೆಯೋ ಇದಕ್ಕೂ ಅಷ್ಟೇ. ಅಳಿವಿನ ಅಪಾಯಕ್ಕೆ ಈಡಾಗಬಲ್ಲ ಪ್ರಾಣಿ ಅಂತ ಐಯುಸಿಎನ್ ಎಂಬ ಜಾಗತಿಕ ಸಂಸ್ಥೆಯ ಪಟ್ಟಿ ಹೇಳುತ್ತದೆ. 2011ರಲ್ಲಿ ನಿಮ್ಮ ಈ ರಂಗಯ್ಯನದುರ್ಗವನ್ನು ಕೊಂಡುಕುರಿಯ ಹೆಸರಿನಲ್ಲೇ ಅಭಯಾರಣ್ಯ ಮಾಡಿದರು, 77 ಚದರ ಕಿ.ಮೀ. 2019ರಲ್ಲಿ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಚಿಂಕಾರ ಅಭಯಾರಣ್ಯವಾಯಿತು, ಅಲ್ಲಿ ಚಿಂಕಾರ, ಕೃಷ್ಣಮೃಗ, ಕೊಂಡುಕುರಿ ಮೂರೂ ಇವೆ. ಕೊರತೆ ಇರುವುದು ನಮ್ಮ ಗಮನದಲ್ಲಿ. ಯಾವ ಗುಣ ಇದನ್ನು ಚಿರತೆಯಿಂದ ಕಾಪಾಡಿತೋ ಅದೇ ಗುಣ ನಮ್ಮ ಕಣ್ಣಿನಿಂದಲೂ ಇದನ್ನು ಮರೆಮಾಡಿದೆ. ಕಾಣದ ಪ್ರಾಣಿಗಾಗಿ ಯಾರು ಮರುಗುತ್ತಾರೆ?

ಗಾರ್ಡ್: ಹಾಗಂತ ಅದನ್ನು ಕಾಣುವ ಹಾಗೆ ಮಾಡಬೇಕಾ? ಸಫಾರಿ, ವೀಕ್ಷಣಾ ಗೋಪುರ ಅಂತ?

ಮೇಷ್ಟ್ರು: ಬೇಡವೇ ಬೇಡ. ಅದನ್ನು ನೋಡಲೇಬೇಕೆಂದು ಹಟ ಹಿಡಿದರೆ ಅದರ ಇಡೀ ಬದುಕಿಗೇ ವಿರುದ್ಧ ಹೋದಂತೆ. ಹಿಕ್ಕೆ ಗುಡ್ಡೆ ಎಣಿಸು, ಕ್ಯಾಮೆರಾ ಇಡು. ಪ್ರಾಣಿ ತನ್ನ ಪಾಡಿಗೆ ಅಡಗಿರಲಿ. ನಾವು ಕಾಯಬೇಕಾದ್ದು ಅದು ಅಡಗುವ ಹುಲ್ಲನ್ನು.

ಗಾರ್ಡ್: ಅಂದರೆ ಕೆಲಸಗಳ ಸಾಲು ಬದಲಾಗಬೇಕು. ಇಷ್ಟು ದಿನ ಬೆಂಕಿ ರೇಖೆ ಕೆಲಸ ಸಂಕ್ರಾಂತಿ ಕಳೆದರೂ ಎಳೆದಾಡ್ತಿತ್ತು. ಆಗ ಹುಲ್ಲು ಸವರಲು, ಸುಡಲು ನಾವೇ ಹೋದರೆ ಮಲಗಿದ ಮರಿಯ ಮೇಲೇ ಕಾಲಿಟ್ಟ ಹಾಗೆ. ಈ ತಿಂಗಳ ಕೊನೆಯೊಳಗೆ ಮುಗಿಸಬೇಕು. ಸಾಹೇಬರಿಗೆ ಇದೇ ಕಾರಣ ಬರೆದು ಕೇಳ್ತೀನಿ.

ಮೇಷ್ಟ್ರು: ಬಹಳ ಸರಿ. ಹಿಕ್ಕೆ ಗುಡ್ಡೆ ಇರುವ ದಿಕ್ಕನ್ನು ಬಿಟ್ಟು ರೇಖೆ ಎಳೆಯಲು ಸಾಧ್ಯವಾ ಅಂತಲೂ ನೋಡು. ಕುರಿಗಾಹಿಗಳಿಗೆ ಏನು ಹೇಳುತ್ತೀಯ?

ಗಾರ್ಡ್: ಕಾಯ್ದೆ ಹೇಳಿ ಹೆದರಿಸಲ್ಲ. ಎಂಟು ತಿಂಗಳ ಗಬ್ಬ, ಒಂದು ಕೆಜಿ ಮರಿ ಅಂತ ಹೇಳ್ತೀನಿ. ಕುರಿ ಈಯುವಾಗ ರಾತ್ರಿಯೆಲ್ಲಾ ಎದ್ದು ಕೂತ ಜನ ಅವರು. ಗಬ್ಬದ ಕುರಿಯನ್ನು ಯಾವ ಹಟ್ಟಿಯಲ್ಲೂ ಓಡಿಸಲ್ಲ, ಮಾರಲ್ಲ. ಸಂಕ್ರಾಂತಿಯಿಂದ ಯುಗಾದಿವರೆಗೆ ಹಿಂಡಿನ ಜೊತೆ ಬರೋ ನಾಯಿಗೆ ಹಗ್ಗ ಹಾಕಿ, ಹೊಂಡಕ್ಕೆ ಒಂದೇ ಹೊತ್ತಿನಲ್ಲಿ ಹಿಂಡು ತನ್ನಿ, ಉಳಿದ ಹೊತ್ತು ಕೊಂಡುಕುರಿಗೆ ಬಿಡಿ ಅಂತ ಕೇಳ್ತೀನಿ. ಮೇವಿಗೆ ಚಿಗುರು ಬೇಕು ಅನ್ನೋರಿಗೆ ಮುಂಗಾರಿನವರೆಗೆ ತಡೆಯಿರಿ, ಮಳೆ ಬಂದರೆ ಸುಡದೆಯೂ ಚಿಗುರುತ್ತೆ ಅಂತೀನಿ. ಒಪ್ಪದವರೂ ಇರ್ತಾರೆ. ಅವರ ಹತ್ತಿರ ಮತ್ತೆ ಮತ್ತೆ ಹೋಗಬೇಕಾಗುತ್ತೆ.

ಮೇಷ್ಟ್ರು: ನಾನು ಇಷ್ಟು ವರ್ಷ ತರಗತಿಯಲ್ಲಿ ಹೇಳಿದ್ದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದಮ್ಮ. ಮರಿ ಹೇಗೆ ಹುಟ್ಟುತ್ತದೆ ಅಂತ ಗೊತ್ತಾದವನು ಕಡ್ಡಿ ಗೀರುವ ಮುಂಚೆ ಒಂದು ಕ್ಷಣ ಯೋಚಿಸುತ್ತಾನೆ. ಅಷ್ಟು ಸಾಲದು ಅನ್ನುವುದು ನಿಜ. ಆದರೆ ಬೆಂಕಿ ರೇಖೆ, ಗಸ್ತು, ಕಾಯ್ದೆ ಎಲ್ಲವೂ ಫಲ ಕೊಡುವುದು ಆ ಯೋಚನೆ ಊರಿನಲ್ಲಿ ಇದ್ದಾಗಲೇ.

ಗಾರ್ಡ್: ಹಾಗಾದರೆ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಹಾಕ್ತೀನಿ ಮೇಷ್ಟ್ರೇ. ಗಂಡು, ಹೆಣ್ಣು ಅಂತ ಈಗ ಬರೀತಿದ್ದೀವಿ. ತಾಯಿಯ ಹಿಂದೆ ಮರಿ ಇದೆಯಾ ಅಂತ ಮೇ ತಿಂಗಳಿನಿಂದ ಬರೀಬೇಕು. ಮಾಗಿಯಲ್ಲಿ ಹುಟ್ಟಿದ್ದು ಬೇಸಗೆ ದಾಟಿತಾ ಅನ್ನೋದು ಆಗ ತಾನೇ ತಿಳಿಯೋದು. ನಾವು ಕಾದಿದ್ದು ಸರಿಯಾಯಿತಾ ಅಂತ ಹೇಳಬೇಕಾದ್ದು ಆ ಲೆಕ್ಕವೇ.